ತಾಯಿ ಅಳಿಸಿದ ಪ್ರಶ್ನೆ

೧೯೧೮ನೆಯ ಇಸವಿ ನವೆಂಬರ್ ೧೧ನೆಯ ತಾರೀಖು. ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಇಗರ್ಜಿಯ ಗಂಟೆಗಳು ಮೊಳಗುತ್ತಿದ್ದವು. ನಾಲ್ಕು ವರ್ಷಗಳಿಗೂ ಮಿಕ್ಕು ಯೂರೋಪನ್ನು ಸುಟ್ಟ ಮಹಾಯುದ್ಧವು ಆ ದಿನ ಬೆಳಿಗ್ಗೆ ೧೧ ಗಂಟೆಗೆ ನಿಂತಿತ್ತು. ಅದೇ ಗಂಟಾನಾದದ ನಡುವೆ ರೈಲ್ವೆ ನೌಕರ ಟಾಮ್ ಓವೆನ್ನನ ಮನೆಬಾಗಿಲಿಗೆ ಒಂದು ತಂತಿ ಬಂದಿತು. ಹಿರಿಯ ಮಗ ವಿಲ್ಫ್ರೆಡ್ ಫ್ರಾನ್ಸಿನಲ್ಲಿ ಮಡಿದು ಆಗಲೇ ಒಂದು ವಾರ ಸಂದಿತ್ತು.

ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಇಂದು ವಿಲ್ಫ್ರೆಡ್ ಓವೆನ್ನನ ಹೆಸರು ಚಿರಪರಿಚಿತ. ಅಂದಾದರೋ, ಅವನ ಕವಿತೆಗಳಲ್ಲಿ ಅಚ್ಚಿನ ಮುಖ ಕಂಡಿದ್ದವು ಬೆರಳೆಣಿಕೆಯಷ್ಟು ಮಾತ್ರ. ಇಪ್ಪತ್ತೈದು ವರ್ಷದ ಆ ತರುಣ ಕವಿಯೆಂಬುದನ್ನು ಮನಸಾರೆ ನಂಬಿದ್ದವರಲ್ಲಿ ಮೊದಲಿಗಳು ಅವನ ತಾಯಿ ಸೂಸನ್.

ಓವೆನ್ ಹುಟ್ಟಿದ್ದು ೧೮೯೩ನೆಯ ಮಾರ್ಚ್ ೧೮ರಂದು, ಆಸ್ವೆಸ್ಟ್ರಿ ಎಂಬ ಊರಿನಲ್ಲಿ. ತಾಯಿ ಪರಮ ದೈವಭಕ್ತೆ. ಮಗ ಪಾದ್ರಿಯಾಗಬೇಕೆಂಬುದು ಅವಳ ಹಂಬಲ. ಅದರಂತೆ ಅವನು ೧೯೧೧ರಲ್ಲಿ ಡನ್ಸ್‌ಡೆನ್ ಎಂಬ ಹಳ್ಳಿಯ ಪಾದ್ರಿಗೆ ಸಹಾಯಕನಾದ. ಬಡವರ ಗುಡಿಸಲುಗಳಲ್ಲಿ ರೋಗವನ್ನೂ ದಾರಿದ್ರ್ಯವನ್ನೂ ಕಂಡ. ೧೯೧೩ರಲ್ಲಿ ಆ ಹಳ್ಳಿಯನ್ನು ಬಿಟ್ಟಾಗ ಅವನ ಹಳೆಯ ಶ್ರದ್ಧೆಯ ಬುಡ ಅಲುಗಿತ್ತು. ತಾಯಿಯ ನಂಟು ಮಾತ್ರ ಎಳ್ಳಷ್ಟೂ ಸಡಿಲಲಿಲ್ಲ. ಅವನ ೬೦೦ಕ್ಕೂ ಮಿಕ್ಕ ಪತ್ರಗಳು ಉಳಿದು ಬಂದಿವೆ. ಅವುಗಳಲ್ಲಿ ಬಹುಪಾಲು ತಾಯಿಗೆ ಬರೆದವೇ.

ಯುದ್ಧ ಹೊತ್ತಿಕೊಂಡಾಗ ಅವನು ಫ್ರಾನ್ಸಿನಲ್ಲಿ ಇಂಗ್ಲಿಷ್ ಕಲಿಸುತ್ತ ಜೀವನ ಸಾಗಿಸುತ್ತಿದ್ದ. ೧೯೧೫ರ ಅಕ್ಟೋಬರಿನಲ್ಲಿ ಸೈನ್ಯಕ್ಕೆ ಸೇರಿದ. ಮರುವರ್ಷ ಮ್ಯಾಂಚೆಸ್ಟರ್ ರೆಜಿಮೆಂಟಿನಲ್ಲಿ ಅಧಿಕಾರಿಯಾದ. ೧೯೧೭ರ ಚಳಿಗಾಲದಲ್ಲಿ ಕಂದಕಗಳ ಕೆಸರು, ವಿಷವಾಯು, ಹಿಮದಲ್ಲಿ ಮರಗಟ್ಟಿ ಸತ್ತ ಸಂಗಡಿಗರು—ಎಲ್ಲವನ್ನೂ ಕಂಡ. ಆ ವಸಂತದಲ್ಲಿ ಹತ್ತಿರವೇ ಸಿಡಿದ ಗುಂಡೊಂದು ಅವನನ್ನು ಎತ್ತಿ ಎಸೆಯಿತು. ಮೈಗೆ ಆದ ಪೆಟ್ಟಿಗಿಂತ ಮನಸ್ಸಿಗೆ ಆದ ಪೆಟ್ಟು ದೊಡ್ಡದಾಗಿತ್ತು. ಎಡಿನ್‌ಬರೋದ ಕ್ರೇಗ್‌ಲಾಕಾರ್ಟ್ ಆಸ್ಪತ್ರೆಗೆ ಅವನನ್ನು ಕಳುಹಿಸಿದರು.

ಅಲ್ಲಿ ಅವನಿಗೆ ದೊರೆತ ಔಷಧವೆಂದರೆ ಇನ್ನೊಬ್ಬ ಕವಿಯ ಸ್ನೇಹ. ಯುದ್ಧವನ್ನು ಬಹಿರಂಗವಾಗಿ ಪ್ರತಿಭಟಿಸಿದ್ದ ಸೀಗ್‌ಫ್ರಿಡ್ ಸಸೂನ್ ಅದೇ ಆಸ್ಪತ್ರೆಯಲ್ಲಿದ್ದ. ಅವನು ಓವೆನ್ನನ ಹಸ್ತಪ್ರತಿಗಳನ್ನು ತಿದ್ದಿದ, ಕಣ್ಣಾರೆ ಕಂಡುದನ್ನೇ ಬರೆಯಲು ಹುರಿದುಂಬಿಸಿದ. ಅಲ್ಲಿ ಹುಟ್ಟಿದ ಕವಿತೆಗಳಲ್ಲೊಂದರ ವಸ್ತು ಇಗರ್ಜಿಯ ಗಂಟೆ. ರಣದಲ್ಲಿ ಗುಂಪುಗುಂಪಾಗಿ ಸಾಯುವ ಎಳೆಯರಿಗೆ ಈ ವಿಧಿಗಳೆಲ್ಲ ಎಲ್ಲಿ ಸಲ್ಲುತ್ತವೆ ಎಂಬ ಕೊರಗು ಅದರಲ್ಲಿದೆ. ತನ್ನ ಮರಣವಾರ್ತೆ ಗಂಟೆಗಳ ನಡುವೆಯೇ ಮನೆಗೆ ಮುಟ್ಟೀತೆಂದು ಅವನಾದರೂ ಎಣಿಸಿದ್ದನೆ?

೧೯೧೮ರ ಆಗಸ್ಟ್ ಕೊನೆಯಲ್ಲಿ ಅವನು ಮತ್ತೆ ಫ್ರಾನ್ಸಿಗೆ ಹೊರಟ. ಬೀಳ್ಕೊಡುವ ದಿನ ತಾಯಿ ಮಗ ಇಬ್ಬರೂ ಬಿಸಿಲಿನಲ್ಲಿ ಹೊಳೆಯುವ ಕಡಲಿನಾಚೆ ಫ್ರಾನ್ಸಿನ ಕಡೆ ನೋಡುತ್ತ ನಿಂತಿದ್ದರು. ಆಗ ಮಗನ ಬಾಯಿಂದ ಹೊರಟದ್ದು ಬೈಬಲ್ಲಿನ ವಾಕ್ಯವಲ್ಲ, ನಮ್ಮ ರವೀಂದ್ರನಾಥ ಠಾಕೂರರ ‘ಗೀತಾಂಜಲಿ’ಯ ವಿದಾಯದ ನುಡಿ. ಬಾಳಿನಲ್ಲಿ ಕಂಡ ಸೊಬಗಿಗೆ ಕೃತಜ್ಞತೆ ಹೇಳಿ ಹೊರಡುವವನ ಗೀತೆ ಅದು.

ಅಕ್ಟೋಬರ್ ಮೊದಲಲ್ಲಿ ತೋರಿದ ಶೌರ್ಯಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಪದಕ ಸಂದಿತು. ತಾನು ಬಂದದ್ದು ಈ ಹುಡುಗರಿಗೆ ನೆರವಾಗಲು, ಅವರನ್ನು ಮುನ್ನಡೆಸಲು, ಅವರ ಸಂಕಟವನ್ನು ನೋಡಿ ಲೋಕಕ್ಕೆ ಹೇಳಲು ಎಂದು ಅವನು ತಾಯಿಗೆ ಬರೆದ. ಅಕ್ಟೋಬರ್ ೩೧ರಂದು ಓರ್ಸ್ ಗ್ರಾಮದ ಬಳಿ, ಅರಣ್ಯಪಾಲಕನ ಮನೆಯ ಹೊಗೆ ತುಂಬಿದ ನೆಲಮಾಳಿಗೆಯಲ್ಲಿ ಕುಳಿತು ಕೊನೆಯ ಪತ್ರ ಬರೆದ. ಅದರ ತುಂಬ ನಗು, ಗೆಳೆಯರ ಮಾತು, ತಾಯಿಗೆ ಅಭಯ. ನವೆಂಬರ್ ೪ರ ಬೆಳಗಿನ ಜಾವ ಸಾಂಬ್ರ್-ವಾಸ್ ಕಾಲುವೆಯನ್ನು ದಾಟುವ ಯತ್ನದಲ್ಲಿ, ಶತ್ರುಗಳ ಗುಂಡಿನ ಮಳೆಯಡಿ, ತನ್ನವರಿಗೆ ಧೈರ್ಯ ಹೇಳುತ್ತಲೇ ಮಡಿದ.

ಅವನ ಕಿರುಹೊತ್ತಗೆಯು ತಾಯಿಯ ಕೈಗೆ ಮರಳಿ ಬಂದಾಗ ಅದರಲ್ಲಿ ಆ ಬಂಗಾಳಿ ಕವಿಯ ನುಡಿ ಮಗನ ಅಕ್ಷರದಲ್ಲಿತ್ತು. ಕೆಳಗೆ ಕವಿಯ ಹೆಸರಿತ್ತು. ೧೯೨೦ರಲ್ಲಿ ಸೂಸನ್ ಓವೆನ್ ಠಾಕೂರರಿಗೆ ಪತ್ರ ಬರೆದು, ಆ ಕವಿತೆ ಪೂರ್ತಿಯಾಗಿ ಯಾವ ಪುಸ್ತಕದಲ್ಲಿದೆ ಎಂದು ಕೇಳಿಕೊಂಡಳು. ಮಗ ಅರ್ಧಕ್ಕೆ ನಿಲ್ಲಿಸಿದ ಮಾತನ್ನು ತಾಯಿ ಕೊನೆಯವರೆಗೂ ಕೇಳಬಯಸಿದಳು. ಅದೇ ವರ್ಷ ಸಸೂನನ ಪ್ರಸ್ತಾವನೆಯೊಡನೆ ಮಗನ ಕವಿತೆಗಳ ಮೊದಲ ಸಂಗ್ರಹವೂ ಹೊರಬಂದಿತು.

ಮುಂದೆ ಓರ್ಸ್ ಗ್ರಾಮದ ಸಮಾಧಿಗೆ ಕಲ್ಲನ್ನು ನಿಲ್ಲಿಸುವಾಗ ತಾಯಿ ಮಗನದೇ ಕವಿತೆಯೊಂದರ ಮಾತುಗಳನ್ನು ಆರಿಸಿದಳು. ದೇವರು ಮರಣವನ್ನೆಲ್ಲ ಅಳಿಸಿ ಈ ದೇಹಗಳಿಗೆ ಮರುಜೀವ ಕೊಡುವನೇ ಎಂದು ಕವಿತೆ ಸಂದೇಹದಿಂದ ಕೇಳುತ್ತದೆ. ಅದಕ್ಕೆ ಮುಂದೆ ದೊರೆಯುವ ಉತ್ತರವೂ ನಿರಾಶೆಯದೇ. ಆದರೆ ಕಲ್ಲಿನಲ್ಲಿ ಆ ಸಾಲನ್ನು ನಡುವೆಯೇ ನಿಲ್ಲಿಸಿದೆ. ಕೊನೆಯ ಪ್ರಶ್ನಾರ್ಥಕ ಚಿಹ್ನೆ ಬಿಟ್ಟುಹೋಗಿದೆ. ಮಗನ ಸಂದೇಹ ತಾಯಿಯ ಕೈಯಲ್ಲಿ ಭರವಸೆಯ ಮಾತಾಯಿತು.

ಇದನ್ನು ಕವಿಗೆ ಬಗೆದ ಅಪಚಾರವೆನ್ನುವ ವಿಮರ್ಶಕರುಂಟು. ನಮ್ಮ ವೀರಗಲ್ಲುಗಳನ್ನು ಬಲ್ಲವರಿಗೆ ಹಾಗೆ ಸುಲಭವಾಗಿ ಹೇಳಲು ಬಾಯಿ ಬಾರದು. ಕೆಳಗಿನ ಪಟ್ಟಿಕೆಯಲ್ಲಿ ಕಾದಿ ಬಿದ್ದವನನ್ನು ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರು ಕರೆದೊಯ್ಯುತ್ತಾರೆ. ಕಲ್ಲು ನಿಲ್ಲಿಸಿದವರಿಗೆ ಆ ಮೇಲಿನ ಪಟ್ಟಿಕೆ ಬೇಕಿತ್ತು. ಸೂಸನ್ನಳಿಗೂ ಅದು ಬೇಕಿತ್ತು.

ಅರಣ್ಯಪಾಲಕನ ಆ ಮನೆ ೨೦೧೧ರಲ್ಲಿ ಓವೆನ್ನನ ಸ್ಮಾರಕವಾಯಿತು. ಕೊನೆಯ ಪತ್ರ ಬರೆದ ನೆಲಮಾಳಿಗೆ ಅಲ್ಲಿ ಇಂದಿಗೂ ಇದೆ. ಸಮೀಪದ ಸ್ಮಶಾನದಲ್ಲಿ ತಾಯಿಯ ಕಲ್ಲು ಇದೆ. ಪುಸ್ತಕದಲ್ಲಿ ಮಗನ ಪ್ರಶ್ನೆ ಹಾಗೆಯೇ ಉಳಿದಿದೆ. ಓವೆನ್ನನನ್ನು ನೆನೆಯುವವರು ಎರಡನ್ನೂ ಓದಬೇಕು.