ಉಸಿರು ಕೇಳುವ ಬೋರ್ಡು!

ಆರ್ಕೆಸ್ಟ್ರಾದವರ ಕೀಬೋರ್ಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ್ದೀರಲ್ಲ? ಅದು ಹೆಚ್ಚಾಗಿ ಮೊದಲೇ ರೆಕಾರ್ಡು ಮಾಡಿಟ್ಟ ದನಿ. ಎಷ್ಟು ಸಲ ಒತ್ತಿದರೂ ಅದೇ ರಾಗ, ಅದೇ ಹಾಡು!

ಜಪಾನಿನ ಯಮಾಹಾ ಕಂಪನಿ 1994ರಲ್ಲಿ ವಿಎಲ್-1 ಎಂಬ ವಾದ್ಯ ತಂದು ಬೇರೆ ದಾರಿ ಹಿಡಿಯಿತು. ಕೊಳವೆಯಲ್ಲಿ ಗಾಳಿ ಹೇಗೆ ಓಡಾಡುತ್ತೆ, ರೀಡು ಹೇಗೆ ಅದುರುತ್ತೆ ಎಂದು ಚಿಪ್ಪೇ ಆ ಕ್ಷಣ ಲೆಕ್ಕ ಹಾಕಿ ದನಿ ಹುಟ್ಟಿಸುತ್ತದೆ. ಲೆಕ್ಕದ ಮೂಲ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೂಲಿಯಸ್ ಸ್ಮಿತ್.

ಮುಂದೆ ಇದೇ ವಿದ್ಯೆ ಪಿಎಲ್‌ಜಿ150-ವಿಎಲ್ ಎಂಬ ಪುಟ್ಟ ಬೋರ್ಡಾಗಿ ಕೀಬೋರ್ಡಿನ ಹೊಟ್ಟೆ ಸೇರಿತು. ಒಮ್ಮೆಗೆ ಒಂದೇ ಸ್ವರ. ಅದಕ್ಕೆ ಜೀವ ಬರಬೇಕಾದರೆ ಬೆರಳೊಂದೇ ಸಾಲದು, ಬ್ರೆತ್ ಕಂಟ್ರೋಲರ್ ಬಾಯಿಗಿಟ್ಟು ಊದಬೇಕು. ಮೆಲ್ಲಗೆ ಊದಿದರೆ ಮೆತ್ತಗೆ, ಬಿಗಿಯಾಗಿ ಊದಿದರೆ ಗಡಸು.

ಆ ಬೋರ್ಡು ಈಗ ತಯಾರಾಗುತ್ತಿಲ್ಲ. ಬೇಕಾದವರು ಸೆಕೆಂಡ್‌ಹ್ಯಾಂಡೇ ಹುಡುಕಬೇಕು. ಸಿಕ್ಕರೂ ಊದುವ ಅಭ್ಯಾಸ ಮಾತ್ರ ಅಂಗಡೀಲಿ ಸಿಗೋದಿಲ್ಲ, ಸ್ವಾಮಿ!