ಕಾಡು ಕಡಿದ ಮೇಲೆ ಊರಾಗುವುದು ಹೇಗೆ? - ಬೈಲಕುಪ್ಪೆಯ ಒಕ್ಕಲುಗಳ ವೃತ್ತಾಂತ



ಸರ್ಕಾರದಿಂದ ನಾಲ್ಕು ಎಕರೆ ಸಿಕ್ಕಿಬಿಟ್ಟರೆ ಬದುಕು ನೇರವಾಗುತ್ತದೆ ಎಂಬ ಮಾತು ನಮ್ಮ ಸಿಂಧಘಟ್ಟದ ಅರಳಿಕಟ್ಟೆಯಲ್ಲೂ ಉಂಟು, ನಾಗಮಂಗಲದ ಸಂತೆಯಲ್ಲೂ ಉಂಟು. ಬಗರ್ ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರ ಮನಸ್ಸಿನಲ್ಲಿ ಇರುವುದೂ ಇದೇ ಆಸೆ. ಆಸೆ ತಪ್ಪಲ್ಲ. ಆದರೆ ಮುಳ್ಳುಪೊದೆ ಬೆಳೆದ ಭೂಮಿಗೂ ಫಸಲು ಕೊಡುವ ಹೊಲಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ದಾಟಿಸಲು ಸರ್ಕಾರವು ಏನೇನು ಮಾಡಬೇಕು, ಒಕ್ಕಲು ತಾನೇ ಏನು ಮಾಡಿಕೊಳ್ಳಬೇಕು ಎಂಬುದನ್ನು ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಹುಣಸೂರು, ಪಿರಿಯಾಪಟ್ಟಣ ದಾಟಿ, ಕುಶಾಲನಗರ ಇನ್ನೂ ಬರುವ ಮುಂಚೆ ಬೈಲಕುಪ್ಪೆ ಸಿಗುತ್ತದೆ. ಕೆಂಪು ವಸ್ತ್ರದ ಲಾಮಾಗಳನ್ನೂ ಬಂಗಾರದ ಬುದ್ಧನನ್ನೂ ನೋಡಲು ನಿಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿಬಂದಿದ್ದೀರಿ. ಆ ದೇವಾಲಯದ ಸುತ್ತಲಿನ ಹೊಲಗಳ ವಿಷಯವೇ ಇಲ್ಲಿ ಹೇಳತಕ್ಕದ್ದು.

೧೯೫೯ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಮೊದಲು ಅಸ್ಸಾಮಿನ ಮಿಸ್ಸಮಾರಿ ಮುಂತಾದ ಶಿಬಿರಗಳಲ್ಲಿ ಇದ್ದರು. ಆಮೇಲೆ ಹಲವರು ಬೆಟ್ಟದ ಸೀಮೆಗಳಲ್ಲಿ ರಸ್ತೆ ಕೆಲಸಕ್ಕೆ ಹೋದರು. ಜಲ್ಲಿ ಒಡೆದು ಎಷ್ಟು ಕಾಲ ಬದುಕಲು ಸಾಧ್ಯ? ಇವರಿಗೆ ನೆಲ ಕೊಡಬಲ್ಲಿರಾ ಎಂದು ಪ್ರಧಾನಿ ನೆಹರೂ ಅವರು ರಾಜ್ಯಗಳನ್ನು ಕೇಳಿದಾಗ ಮೊದಲು ಮುಂದೆ ಬಂದದ್ದು ನಮ್ಮ ಮೈಸೂರು ಸರ್ಕಾರ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು ೩,೦೦೦ ಎಕರೆ ಕಾಡುನೆಲವನ್ನು ಗುರುತಿಸಲಾಯಿತು. ೧೯೬೦ರ ಕೊನೆಯಲ್ಲಿ ಮೊದಲ ತಂಡವು ಬಂದಿಳಿಯಿತು. ಹೀಗೆ ತಂಡ ತಂಡವಾಗಿ ಸುಮಾರು ೩,೦೦೦ ಮಂದಿ ಸೇರಿದರು. ಲೆಕ್ಕ ಹಾಕಿದರೆ ತಲೆಗೆ ಒಂದು ಎಕರೆ.

ಬಂದವರು ಎಂಥವರು? ನಮ್ಮ ಹುರಿಹಿಟ್ಟಿನ ಹಾಗೆ ಜವೆಗೋಧಿಯನ್ನು ಹುರಿದು ಬೀಸಿ ತಿನ್ನುವವರು. ಚಮರೀಮೃಗ, ಕುರಿ ಮೇಯಿಸಿದವರು. ಛಳಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಅಂಥವರ ಮುಂದೆ ಇದ್ದದ್ದು ಬಿದಿರು ಮೆಳೆ, ಬಿಸಿಲು, ಜ್ವರ ಮತ್ತು ಆನೆ. ಮೊದಲು ವಾಸಕ್ಕೆ ಡೇರೆ ಮತ್ತು ಬಿದಿರು ತಡಿಕೆಯ ಗುಡಿಸಲು. ಮರ ಕಡಿಯಬೇಕು, ಬೊಡ್ಡೆ ಕೀಳಬೇಕು, ಕಡಿದದ್ದನ್ನು ಸುಡಬೇಕು. ಆ ದಿನಗಳಲ್ಲಿ ಅಲ್ಲಿಗೆ ಭೇಟಿಯಿತ್ತ ದಲೈ ಲಾಮಾ ಅವರು, ಜನರು ಬಿಸಿಲಿಗೆ ಕಪ್ಪಾಗಿ ಸೊರಗಿದ್ದುದನ್ನು ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಬಿತ್ತಿದ ಪೈರಿಗೆ ರಾತ್ರಿ ಆನೆ ನುಗ್ಗುತ್ತಿತ್ತು. ಆನೆಯ ಕಾಟವೇನೆಂದು ಕಾಡಂಚಿನ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಸರ್ಕಾರವು ಭೂಮಿಯನ್ನು ತೋರಿಸಿ "ಉಳುಮೆ ಮಾಡಿಕೊಳ್ಳಿ" ಎಂದು ಹೇಳಿ ಹಿಂದಿರುಗಲಿಲ್ಲ. ಕಾಡು ಕಡಿಯುವ ಕೆಲಸಕ್ಕೆ ಅದೇ ಜನರಿಗೆ ದಿನಗೂಲಿ ಕೊಡಲಾಯಿತು, ಪಡಿತರವನ್ನೂ ಕೊಡಲಾಯಿತು. ಕೊಡಲಿ ಹಾಕಿದ ದಿನದಿಂದ ಮೊದಲ ಫಸಲು ಮನೆಗೆ ಬರುವವರೆಗೆ ಒಂದು ಸಂಸಾರವು ಏನು ತಿನ್ನಬೇಕು? ಹೊಸ ನೆಲದ ಒಕ್ಕಲುಗಳು ಮುರಿದು ಬೀಳುವುದು ಸಾಮಾನ್ಯವಾಗಿ ಈ ಪ್ರಶ್ನೆಯ ಮೇಲೆಯೇ. ಕೈಯಲ್ಲಿ ಕಾಸಿಲ್ಲದವನು ಮೊದಲ ಬೇಸಗೆಯಲ್ಲೇ ಸಾಲ ಮಾಡುತ್ತಾನೆ, ಎರಡನೆಯ ಬೇಸಗೆಯಲ್ಲಿ ಜಮೀನನ್ನು ಭೋಗ್ಯಕ್ಕೆ ಹಾಕುತ್ತಾನೆ, ಮೂರನೆಯದರಲ್ಲಿ ಊರು ಬಿಡುತ್ತಾನೆ. ಬೈಲಕುಪ್ಪೆಯಲ್ಲಿ ಆ ವರ್ಷಗಳನ್ನು ಕೂಲಿ ಮತ್ತು ಪಡಿತರ ದಾಟಿಸಿದವು. ಆಮೇಲೆ ಮನೆ, ಶಾಲೆ, ಆಸ್ಪತ್ರೆಗಳು ಎದ್ದವು. ಹೊರದೇಶದ ಸಂಸ್ಥೆಗಳೂ, ವಿಶೇಷವಾಗಿ ಸ್ವಿಸ್ ದೇಶದವರೂ ನೆರವಿಗೆ ಬಂದರು.

ಇದಕ್ಕೆ ಹಿಂದೆಯೇ, ಕಾಡು ಕಡಿದು ಸಾಗುವಳಿ ಮಾಡುವ ಇನ್ನೊಂದು ಸರ್ಕಾರಿ ಪ್ರಯತ್ನ ಆಫ್ರಿಕದಲ್ಲಿ ನಡೆದಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಟ್ಯಾಂಗನೀಕದಲ್ಲಿ - ಅದೇ ಇಂದಿನ ಟಾಂಜಾನಿಯ - ೧೯೪೭ರಲ್ಲಿ ಕಡಲೆಕಾಯಿ ಯೋಜನೆ ಎಂಬುದು ಆರಂಭವಾಯಿತು. ಯುದ್ಧಾನಂತರ ಇಂಗ್ಲೆಂಡಿನಲ್ಲಿ ಎಣ್ಣೆ, ಕೊಬ್ಬಿನ ಅಭಾವವಿದ್ದುದರಿಂದ ಮೂವತ್ತು ಲಕ್ಷ ಎಕರೆಗೂ ಮಿಕ್ಕಿ ಕುರುಚಲು ಕಾಡನ್ನು ಕಡಿದು ಕಡಲೆಕಾಯಿ ಬೆಳೆಯುವುದೆಂದು ತೀರ್ಮಾನ. ಕೊಂಗ್ವಾ ಎಂಬಲ್ಲಿಗೆ ಬುಲ್ಡೋಜರುಗಳೂ, ಯುದ್ಧದ ಟ್ಯಾಂಕುಗಳನ್ನೇ ಮಾರ್ಪಡಿಸಿ ಮಾಡಿದ ಟ್ರಾಕ್ಟರುಗಳೂ ಬಂದವು. ಮರ ಬಿತ್ತು. ಆದರೆ ಅಲ್ಲಿಯ ಜೇಡಿಮಣ್ಣು ಬೇಸಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ ಕಾಯಿ ಕೀಳಲು ಬಾರದಾಯಿತು, ಮಳೆಯನ್ನು ನಂಬುವಂತಿರಲಿಲ್ಲ. ತಲತಲಾಂತರದಿಂದ ದನ ಮೇಯಿಸಿಕೊಂಡು ಅಲ್ಲೇ ಇದ್ದ ಗೋಗೊ ಜನ ಬರಗಾಲವನ್ನು ಕಂಡುಂಡವರೇ. ಯೋಜನೆ ಮಾಡಿದವರು ಅವರ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ೧೯೫೧ರ ಜನವರಿಯಲ್ಲಿ ಯೋಜನೆಯನ್ನು ಕೈಬಿಟ್ಟರು. ಸುಮಾರು ೩ ಕೋಟಿ ೬೦ ಲಕ್ಷ ಪೌಂಡು ಹಣ ನಷ್ಟವೆಂದು ಬರೆದುಹಾಕಬೇಕಾಯಿತು. ಅಲ್ಲಿ ಯಂತ್ರಕ್ಕೆ, ಹಣಕ್ಕೆ ಕೊರತೆ ಇರಲಿಲ್ಲ. ಆ ನೆಲದಲ್ಲೇ ಬದುಕಿ ಸಾಯುತ್ತೇನೆ ಎನ್ನುವ ಒಕ್ಕಲು ಇರಲಿಲ್ಲ.

ಬೈಲಕುಪ್ಪೆಯಲ್ಲೂ ನೆಲ ಮೊದಲೇ ಒಲಿಯಲಿಲ್ಲ. ಹೊಸದಾಗಿ ಕಡಿದ ಕಾಡುಮಣ್ಣು ಎಲೆಗೊಬ್ಬರ, ಬೂದಿಗಳ ಬಲದಿಂದ ಒಂದೆರಡು ವರ್ಷ ಚೆನ್ನಾಗಿ ಕೊಟ್ಟು, ಆ ಸಾರ ತೀರಿದ ಮೇಲೆ ಇಳಿಮುಖವಾಗುವುದು ಎಲ್ಲ ಕಡೆಯ ಅನುಭವ. ಇಳಿಜಾರಿನಲ್ಲಿ ಬದು ಹಾಕದಿದ್ದರೆ ಮೇಲ್ಮಣ್ಣೂ ಮಳೆಯೊಡನೆ ಹೋಗುತ್ತದೆ. ಕೊನೆಗೆ ಆ ಒಕ್ಕಲುಗಳ ಕೈ ಹಿಡಿದದ್ದು ಮುಸುಕಿನ ಜೋಳ. ಭಾರತದ ಮೊದಲ ಹೈಬ್ರಿಡ್ ಜೋಳದ ತಳಿಗಳಾದ ಗಂಗಾ, ಡೆಕ್ಕನ್ ಮುಂತಾದವು ಬಿಡುಗಡೆಯಾದದ್ದು ೧೯೬೧ರಲ್ಲಿ, ಕಾಲ ಕೂಡಿಬಂದಿತ್ತೆನ್ನಬೇಕು. ಮುಂಗಾರಿನಲ್ಲಿ ಬಿತ್ತಿದರೆ ನಾಲ್ಕು ತಿಂಗಳಲ್ಲಿ ಕೈಗೆ ಬರುವ, ಮಾರಲು ಸುಲಭವಾದ ಬೆಳೆ ಅದು.

ಆದರೆ ಹೈಬ್ರಿಡ್ ಬೀಜವನ್ನು ವರ್ಷ ವರ್ಷವೂ ಕೊಳ್ಳಬೇಕು. ತಲೆಗೊಂದು ಎಕರೆಯವನು ಟ್ರಾಕ್ಟರನ್ನು ತರಲಾರ. ಇಲ್ಲಿ ಸಹಕಾರ ಸಂಘವು ಕೆಲಸಕ್ಕೆ ಬಂತು. ಟ್ರಾಕ್ಟರುಗಳೂ ಅವುಗಳ ದುರಸ್ತಿ ಕಾರ್ಖಾನೆಯೂ ಸಂಘದ್ದು. ಬೀಜ ಗೊಬ್ಬರ ಸಂಘದಿಂದ ಸಾಲವಾಗಿ. ಬೆಳೆ ಬಂದಾಗ ವಸೂಲಿ. ಅಂಗಡಿ, ರತ್ನಗಂಬಳಿ ನೇಯುವ ಕೇಂದ್ರಗಳೂ ಸೇರಿಕೊಂಡವು. ಹೊಲ ಒಬ್ಬೊಬ್ಬರದು, ಉಳುವ ಯಂತ್ರ ಎಲ್ಲರದು. ನಮ್ಮೂರ ಸಹಕಾರ ಸಂಘಗಳಿಗೆ ಸಾಲದ ಕಾಲದಲ್ಲಿ ಮಾತ್ರ ಹೋಗುವ ನಾವು ಇದನ್ನು ಸ್ವಲ್ಪ ಯೋಚಿಸಬಹುದು.

ಈ ಮಾದರಿ ಹಬ್ಬಿತು. ೧೯೬೬ರಲ್ಲಿ ಉತ್ತರ ಕನ್ನಡದ ಮುಂಡಗೋಡು, ೧೯೬೯ರಲ್ಲಿ ಬೈಲಕುಪ್ಪೆಯಲ್ಲೇ ಎರಡನೆಯ ವಸತಿ, ೧೯೭೨ರಲ್ಲಿ ಹುಣಸೂರು ಬಳಿಯ ಗುರುಪುರ, ೧೯೭೪ರಲ್ಲಿ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಈ ಕೆಲಸಕ್ಕೆ ನೆರವಾಗಲೆಂದೇ ೧೯೬೮ರಲ್ಲಿ ಹುಟ್ಟಿದ್ದು ಮೈರಾಡ ಸಂಸ್ಥೆ. ಅದು ಆಮೇಲೆ ನಮ್ಮ ಹಳ್ಳಿಗಳ ಕಡೆ ತಿರುಗಿತು. ದೊಡ್ಡ ಸಂಘಗಳು ಜಗಳದಲ್ಲಿ ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಮಂದಿಯ ಸಣ್ಣ ಗುಂಪುಗಳು ಚೆನ್ನಾಗಿ ನಡೆಯುವುದನ್ನು ೧೯೮೦ರ ದಶಕದಲ್ಲಿ ಕಂಡುಕೊಂಡಿತು. ೧೯೮೭ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕೆ ೧೦ ಲಕ್ಷ ರೂಪಾಯಿ ಕೊಟ್ಟಿತು; ೧೯೯೨ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕು ಸಾಲ ಕೊಡುವ ಯೋಜನೆ ಬಂತು. ಇಂದು ನಮ್ಮ ಅಕ್ಕತಂಗಿಯರು ವಾರಕ್ಕೊಮ್ಮೆ ಪುಸ್ತಕ ಹಿಡಿದು ಕೂರುವ ಸ್ವಸಹಾಯ ಸಂಘದ ಬೇರುಗಳಲ್ಲಿ ಒಂದು ಹೀಗೆ ಆ ಕಾಡುನೆಲದವರೆಗೂ ಹೋಗುತ್ತದೆ.

ಇನ್ನು ನೀರಿನ ಮಾತು. ಬೈಲಕುಪ್ಪೆಯ ಮಗ್ಗುಲಲ್ಲಿಯೇ ಕಾವೇರಿ ಹರಿಯುತ್ತಾಳೆ. ಅದೇ ನೀರು ಕನ್ನಂಬಾಡಿಗೆ ಬಂದು, ವಿಶ್ವೇಶ್ವರಯ್ಯ ನಾಲೆಯಲ್ಲಿ ಹುಲಿಕೆರೆಯ ಸುರಂಗ ಹಾದು ಮಂಡ್ಯದ ಕಬ್ಬಿಗೆ ಸೇರುತ್ತದೆ. ಆದರೆ ಆ ವಸತಿಯ ಹೊಲಗಳು ಹೆಚ್ಚಾಗಿ ಇಂದಿಗೂ ಕುಷ್ಕಿ. ನಾಲೆ ಕಂಡ ಶ್ರೀರಂಗಪಟ್ಟಣ, ಪಾಂಡವಪುರದ ರೈತರು ಮಳೆ ತಪ್ಪಿದ ವರ್ಷದ ಸಂಕಟವನ್ನು ಮರೆತಿರಬಹುದು. ನಾಗಮಂಗಲದ ಮೇಲುಭಾಗದವರು ಮರೆತಿಲ್ಲ. ಜೋಳ ಕಟಾವಾದ ಮೇಲೆ ಮಳೆಯಿಲ್ಲದ ತಿಂಗಳುಗಳಲ್ಲಿ ಆ ಜನ ಮಾಡಿಕೊಂಡ ಉಪಾಯವನ್ನು ನೀವು ಊರೂರ ಪೇಟೆಯಲ್ಲಿ ನೋಡಿದ್ದೀರಿ: ಛಳಿಗಾಲದ ಸ್ವೆಟರ್ ವ್ಯಾಪಾರ. ಹೊಲವು ಹೊಟ್ಟೆಗೆ, ಸ್ವೆಟರ್ ಕೈಕಾಸಿಗೆ ಎಂಬಂತಾಯಿತು.

ಅವರ ಜಮೀನಿಗೆ ಪಟ್ಟಾ ಇಲ್ಲ. ಅದು ಸರ್ಕಾರವು ಗೇಣಿಗೆ ಕೊಟ್ಟ ನೆಲ. ಟಿಬೆಟ್ ನಿರಾಶ್ರಿತರ ಪುನರ್ವಸತಿ ಬಗ್ಗೆ ಕೇಂದ್ರ ಸರ್ಕಾರ ೨೦೧೪ರಲ್ಲಿ ಹೊರಡಿಸಿದ ನೀತಿಯು ೨೦ ವರ್ಷದ ಗೇಣಿಪತ್ರ ಮಾಡಿಕೊಡುವಂತೆ ರಾಜ್ಯಗಳಿಗೆ ಹೇಳಿತು. ಮಾರುವಂತಿಲ್ಲವಾದ್ದರಿಂದ ಸಾಲಗಾರನ ಪಾಲಾಗಿ ನೆಲ ಕೈತಪ್ಪಿಹೋಗಲಿಲ್ಲ. ಇದು ಲಾಭ. ನೆಲವನ್ನು ಅಡವಿಟ್ಟು ಬೋರ್‌ವೆಲ್ ತೋಡಿಸುವಂತಿಲ್ಲ, ತೋಟ ಮಾಡುವಂತಿಲ್ಲ, ಇದು ನಷ್ಟ. ಎರಡನ್ನೂ ತೂಗಿ ನೋಡಿದರೆ ಮೊದಲ ತಲೆಮಾರಿಗೆ ಲಾಭವೇ ಹೆಚ್ಚಾಯಿತೆಂದು ನನ್ನ ಅಭಿಪ್ರಾಯ. ಮೂರನೆಯ ತಲೆಮಾರಿಗೆ ಹಾಗೆನಿಸುತ್ತಿಲ್ಲ. ಜನ ಬೆಳೆದರು, ಎಕರೆ ಬೆಳೆಯಲಿಲ್ಲ. ಓದಿದ ಹುಡುಗರು ಬೆಂಗಳೂರಿಗೆ, ದೆಹಲಿಗೆ, ಹೊರದೇಶಗಳಿಗೆ ಹೋಗುತ್ತಿದ್ದಾರೆ, ವಯಸ್ಸಾದವರು ಉಳಿದಿದ್ದಾರೆ, ಎಷ್ಟೋ ಹೊಲಗಳನ್ನು ಸುತ್ತಲಿನ ಊರಿನ ರೈತರು ವಾರಕ್ಕೆ ಪಡೆದು ಮಾಡುತ್ತಿದ್ದಾರೆ. ಕೃಷ್ಣರಾಜಪೇಟೆಯಿಂದ ಎಷ್ಟು ಮನೆಯ ಮಕ್ಕಳು ಮುಂಬಯಿಗೆ ಹೋಗಿದ್ದಾರೆಂಬುದು ೨೦೨೦ರ ಮೇ ತಿಂಗಳಲ್ಲಿ, ಕೋವಿಡ್ ಕಾಲದಲ್ಲಿ ಅವರು ಊರಿಗೆ ಮರಳಿದಾಗ ಗೊತ್ತಾಯಿತು. ಪಟ್ಟಾ ಇದ್ದ ನಮ್ಮಲ್ಲೂ ಹುಡುಗರು ನಿಲ್ಲಲಿಲ್ಲ. ಪಟ್ಟಾ ಇಲ್ಲದ ಅವರಲ್ಲೂ ನಿಲ್ಲಲಿಲ್ಲ.

ಮುಂದಿನ ಸಲ ಬೈಲಕುಪ್ಪೆಗೆ ಹೋಗುವುದಾದರೆ ಜೋಳ ನಿಂತಿರುವ ಆಗಸ್ಟ್ ತಿಂಗಳಲ್ಲಿ ಹೋಗಿ. ದೇವಾಲಯ ನೋಡಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಹೊಲದ ಬದುಗಳ ಮೇಲೆ ನಡೆಯಿರಿ, ಸಹಕಾರ ಸಂಘದ ಕಚೇರಿಯನ್ನು ವಿಚಾರಿಸಿರಿ. ಅಲ್ಲಿಯ ಹಿರಿಯರಲ್ಲಿ ಹಲವರು ಕನ್ನಡವನ್ನು ಚೆನ್ನಾಗಿಯೇ ಮಾತನಾಡುತ್ತಾರೆ. ಬೊಡ್ಡೆ ಕಿತ್ತ ಕಾಲದ ಮಾತನ್ನು ಅವರ ಬಾಯಿಂದಲೇ ಕೇಳಬಹುದು.