ಆಸ್ಪತ್ರೆಯ ನೋಂದಣಿ ಪತ್ರ

ಆಸ್ಪತ್ರೆಗೆ ಹೋದವರು ವೈದ್ಯರನ್ನು ಕಾಣುವುದಕ್ಕೆ ಮುನ್ನ ಚೀಟಿ ಮಾಡಿಸುವ ಕಿಟಕಿಯ ಮುಂದೆ ನಿಲ್ಲಬೇಕಾಗುವುದು ಸರ್ವವಿದಿತವಾದ ಸಂಗತಿ. ಹೆಸರು, ವಯಸ್ಸು, ವಿಳಾಸ, ಫೋನಿನ ಸಂಖ್ಯೆ, ಈಗ ಸೇವಿಸುತ್ತಿರುವ ಔಷಧಗಳು, ಮೈಗೆ ಒಗ್ಗದ ಔಷಧಗಳು, ವಿಮೆಯ ವಿವರ ಇವನ್ನೆಲ್ಲ ಅಲ್ಲಿ ಕೇಳುತ್ತಾರೆ. ಕೆಲವು ತಿಂಗಳ ತರುವಾಯ ಹೋದರೆ ಮತ್ತೆ ಅವನ್ನೇ ಕೇಳುತ್ತಾರೆ. “ಹತ್ತು ವರ್ಷದಿಂದ ಇಲ್ಲಿಗೇ ಬರುತ್ತಿದ್ದೇವೆ; ಇವರಿಗೆ ನಮ್ಮ ಗುರುತು ಇನ್ನೂ ಸಿಕ್ಕಲಿಲ್ಲವೆ?” ಎಂದು ಗೃಹಸ್ಥರು ಬೇಸರಪಡುವುದುಂಟು. ಜ್ವರದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವರಿಗೆ ಈ ಬೇಸರವು ಸಹಜವೇ ಸರಿ. ಆದರೂ ಈ ಪದ್ಧತಿಗೆ ಕಾರಣವೇನೆಂಬುದನ್ನು ವಾಚಕರು ಸಾವಧಾನವಾಗಿ ವಿಚಾರಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.

ರೋಗಿಯನ್ನು ವಿವರವಾಗಿ ಪ್ರಶ್ನಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯನು ರೋಗಿಯನ್ನು ಹತ್ತು ಬಗೆಯಿಂದ ಪರೀಕ್ಷಿಸಬೇಕೆಂಬ ವಿಧಿಯಿದೆ. ಅವುಗಳಲ್ಲಿ ಪ್ರಕೃತಿಯು ಹುಟ್ಟಿನಿಂದ ಬಂದದ್ದು. ಆದರೆ ವಿಕೃತಿ, ಆಹಾರಶಕ್ತಿ, ವ್ಯಾಯಾಮಶಕ್ತಿ, ವಯಸ್ಸು ಇವು ಕಾಲಾನುಸಾರವಾಗಿ ಬದಲಾಗತಕ್ಕವು. ದೇಹಕ್ಕೆ ಒಗ್ಗುವಂಥದೇನೆಂಬ ಸಾತ್ಮ್ಯವೂ ಆ ಹತ್ತರಲ್ಲಿ ಸೇರಿದೆ. ಹೋದ ವರ್ಷ ಕೊಟ್ಟ ಉತ್ತರವು ಹೋದ ವರ್ಷದ ದೇಹಕ್ಕೆ ಸಲ್ಲುತ್ತದೆ. ಹಳೆಯ ಪಂಚಾಂಗದಲ್ಲಿ ಇಂದಿನ ತಿಥಿಯನ್ನು ಹುಡುಕುವವರುಂಟೆ?

ಒಂದೆರಡು ಉದಾಹರಣೆಗಳನ್ನು ನೋಡೋಣ. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಸಿಟಮಾಲನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗ್ರಾಂ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಪ್ರಕಾರ ಲೆಕ್ಕ ಹಾಕುತ್ತಾರೆ. 10 ಕಿಲೋ ಇದ್ದ ಮಗು 15 ಕಿಲೋಗೆ ಬೆಳೆದ ಮೇಲೂ ಪತ್ರದಲ್ಲಿ ಹಳೆಯ ತೂಕವೇ ಉಳಿದರೆ ಔಷಧವು ಸಾಲದೆ ಹೋದೀತು. ಮನೆಯ ಹಿರಿಯರಿಗೆ ಹೃದ್ರೋಗದ ನಿಮಿತ್ತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಪ್ರಾರಂಭವಾಗಿರಬಹುದು. ಅದನ್ನರಿಯದೆ ಹಲ್ಲು ಕಿತ್ತರೆ ರಕ್ತಸ್ರಾವವನ್ನು ನಿಲ್ಲಿಸುವುದು ಕಷ್ಟವಾದೀತು. ಪೆನಿಸಿಲಿನ್ ಒಗ್ಗದವರಿಗೆ ಅದನ್ನು ಚುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಹಿಂದೆ ಒಗ್ಗಿದ ಔಷಧವು ಮುಂದೊಮ್ಮೆ ಒಗ್ಗದೆ ಹೋಗುವುದೂ ಉಂಟು.

ಎರಡನೆಯದು ಗುರುತಿನ ವಿಷಯ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥರೂ ಮೂವರು ಲಕ್ಷ್ಮಮ್ಮನವರೂ ಇರುವುದು ನಮ್ಮಲ್ಲಿ ಅಪೂರ್ವವಲ್ಲ. ಇನಿಷಿಯಲ್ ಒಂದು ಕಾಗದದಲ್ಲಿ ಹೆಸರಿನ ಮುಂದೆ ಇದ್ದರೆ ಇನ್ನೊಂದರಲ್ಲಿ ಹಿಂದೆ ಇರುತ್ತದೆ. ರೋಗಿಯನ್ನು ಹೆಸರು, ಜನ್ಮದಿನಾಂಕ ಮುಂತಾದ ಎರಡು ಗುರುತುಗಳಿಂದಲಾದರೂ ನಿಶ್ಚಯಿಸಿಕೊಳ್ಳಬೇಕೆಂದೂ, ಕೊಠಡಿಯ ಸಂಖ್ಯೆಯನ್ನು ಗುರುತಾಗಿ ಎಣಿಸಕೂಡದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಸಲಹೆ ಮಾಡಿತು. ಒಬ್ಬರಿಗೆ ಕೊಡತಕ್ಕ ರಕ್ತವನ್ನು ಮತ್ತೊಬ್ಬರಿಗೆ ಕೊಟ್ಟರೆ ಆಗುವ ಅನರ್ಥವನ್ನು ನೆನೆದರೆ ಈ ಎಚ್ಚರಿಕೆ ಅತಿಯೆನಿಸದು. ಫೋನಿನ ಸಂಖ್ಯೆಯೂ ಅಷ್ಟೇ ಮುಖ್ಯ. ರಕ್ತಪರೀಕ್ಷೆಯಲ್ಲಿ ಅಪಾಯದ ಚಿಹ್ನೆ ಕಂಡು ಸಂಜೆ ಆಸ್ಪತ್ರೆಯವರು ಕರೆದಾಗ ಆ ಸಂಖ್ಯೆ ಬಿಟ್ಟುಹೋಗಿದ್ದರೆ, ರೋಗಿಯು ಏನೂ ಅರಿಯದೆ ಮನೆಯಲ್ಲಿ ಮಲಗಿರುತ್ತಾನೆ.

ಮೂರನೆಯದು ಹಣದ ವಿಷಯ. 2018ರಲ್ಲಿ ಕರ್ನಾಟಕದಲ್ಲಿ ಏರ್ಪಟ್ಟ ‘ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ನೆರವಿನ ಪ್ರಮಾಣವನ್ನು ಪಡಿತರ ಚೀಟಿಯ ದರ್ಜೆಗೆ ಅನುಸಾರವಾಗಿ ಗೊತ್ತುಮಾಡಿದರು. ಕುಟುಂಬವು ಬೇರೆಯಾದರೆ ಅಥವಾ ಚೀಟಿ ಬದಲಾದರೆ ಅದು ಪತ್ರದಲ್ಲಿಯೂ ಬರಬೇಕು. ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ವಿಮೆಯ ಹಣ ತಡೆಯುವುದುಂಟು. ಆ ಹೊತ್ತಿನಲ್ಲಿ ಬಡವನು ಸಾಲಕ್ಕೆ ಕೈಯೊಡ್ಡಬೇಕಾಗುತ್ತದೆ.

ಹೀಗೆ ಹೇಳಿದ ಮಾತ್ರಕ್ಕೆ ಆಸ್ಪತ್ರೆಯವರಿಗೆ ಕರ್ತವ್ಯವಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಕಣ್ಣು ಕಾಣದ ವೃದ್ಧರಿಂದ ಎಲ್ಲವನ್ನೂ ಹೊಸದಾಗಿ ಬರೆಯಿಸುವುದಕ್ಕಿಂತ, ಹಳೆಯ ವಿವರಗಳನ್ನು ಓದಿ ಹೇಳಿ “ಇದರಲ್ಲಿ ಬದಲಾದದ್ದೇನು?” ಎಂದು ಕೇಳುವುದು ಉತ್ತಮ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ಒಬ್ಬರ ರೋಗವನ್ನು ವಿಚಾರಿಸುವುದು ಸಭ್ಯತೆಯಲ್ಲ. ಕೇಳಿದ ವಿವರವು ಏತಕ್ಕೆ ಬೇಕೆಂದು ಪ್ರಶ್ನಿಸುವ ಅಧಿಕಾರವು ರೋಗಿಗೂ ಉಂಟು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕೆಂದೂ, ರೋಗಿಯು ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕೆಂದೂ ವೈದ್ಯರಿಗಾಗಿ 2002ರಲ್ಲಿ ಮಾಡಿದ ನಿಯಮಗಳು ವಿಧಿಸುತ್ತವೆ.

ಗೃಹಸ್ಥರು ಮಾಡಬೇಕಾದದ್ದು ಸ್ವಲ್ಪವೇ. ಮನೆಯಲ್ಲಿ ಒಂದು ಪುಸ್ತಕವನ್ನಿಟ್ಟು ಒಬ್ಬೊಬ್ಬರಿಗೆ ಒಂದೊಂದು ಪುಟವನ್ನು ಮೀಸಲಿಡಲಿ. ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು, ಜನ್ಮದಿನಾಂಕ, ಸೇವಿಸುವ ಔಷಧ ಮತ್ತು ಅದರ ಪ್ರಮಾಣ, ಒಗ್ಗದ ಔಷಧ, ಆದ ಶಸ್ತ್ರಚಿಕಿತ್ಸೆ, ಆಪತ್ತಿನಲ್ಲಿ ಕರೆಯತಕ್ಕವರ ಸಂಖ್ಯೆ ಇಷ್ಟನ್ನು ಬರೆದು, ಬದಲಾದಾಗಲೆಲ್ಲ ತಿದ್ದಿ ತಾರೀಖನ್ನು ಹಾಕಲಿ. ಆಸ್ಪತ್ರೆಗೆ ಹೊರಡುವಾಗ ಆ ಪುಸ್ತಕವೂ ಮಾತ್ರೆಯ ಪಟ್ಟಿಗಳೂ ಚೀಲದಲ್ಲಿರಲಿ. ಈ ಕೆಲಸವನ್ನು ಮನೆಯಲ್ಲಿ ಓದುವ ಮಕ್ಕಳಿಗೆ ವಹಿಸಿದರೆ ಅಜ್ಜಅಜ್ಜಿಯರ ಆರೋಗ್ಯದ ಅರಿವು ಅವರಿಗೂ ಆದೀತು.